ಪೆನ್ಶನ್‌ಗೆ ಬರುವ ಮೊದಲು ಆ ಮೆಡಿಕಲ್ ಬೋರ್ಡ್ ಕಾಗದ ಓದಿ

ಸೈನ್ಯದಲ್ಲಿರುವ ನಿಮ್ಮ ಗಂಡ, ಅಣ್ಣ, ಮಗ ಯಾರಾದರೂ ಇನ್ನೊಂದೆರಡು ವರ್ಷದಲ್ಲಿ ಪೆನ್ಶನ್ ಬರುವವರಿದ್ದರೆ ದಯವಿಟ್ಟು ಇದನ್ನು ಅವರಿಗೆ ಓದಿಸಿ. ಮೊಣಕಾಲು ಸವೆದಿದೆ, ಕಿವಿ ಕೇಳಿಸುತ್ತಿಲ್ಲ, ಬಿಪಿ ಬಂದಿದೆ, ಇದೆಲ್ಲ ಸರ್ವಿಸ್‌ನಲ್ಲೇ ಆಗಿದ್ದು ಅಂತ ಮನೆಯವರಿಗೆ, ಊರಿನವರಿಗೆ ಎಲ್ಲರಿಗೂ ಗೊತ್ತು. ಆದರೆ ಡಿಸೆಬಿಲಿಟಿ ಪೆನ್ಶನ್, ಅಂದರೆ ಸೇವೆಯಿಂದ ಆದ ಊನಕ್ಕೆ ಕೊಡುವ ಪೆನ್ಶನ್, ಮಂಜೂರು ಮಾಡುವ ಆಫೀಸಿಗೆ ಮಾತ್ರ ಅದು ಗೊತ್ತಾಗಬೇಕಾದರೆ ಕಾಗದದಲ್ಲಿ ಇರಬೇಕು.

ಆ ಕಾಗದಗಳಲ್ಲಿ ದೊಡ್ಡದು ರಿಲೀಸ್ ಮೆಡಿಕಲ್ ಬೋರ್ಡಿನದು. ಫಾರಂ ಹೆಸರು ಎಎಫ್‌ಎಂಎಸ್‌ಎಫ್-16. ಲೋ ಮೆಡಿಕಲ್ ಕೆಟಗರಿಯಲ್ಲಿ ಇರುವವರು, ಅಂದರೆ ಪೂರ್ತಿ ಫಿಟ್ ಅಲ್ಲ ಅಂತ ದರ್ಜೆ ಇಳಿಸಿದವರು, ಸೇವೆ ಬಿಡುವಾಗ ಡಾಕ್ಟರುಗಳು ಕೂತು ಇದರಲ್ಲಿ ಎರಡು ವಿಷಯ ಬರೆಯುತ್ತಾರೆ. ಈ ಕಾಯಿಲೆ ಸೇವೆಯಿಂದ ಬಂದಿದ್ದೋ, ಸೇವೆಯಿಂದ ಜಾಸ್ತಿ ಆಗಿದ್ದೋ, ಎರಡೂ ಅಲ್ಲವೋ ಅನ್ನುವುದು ಒಂದು. ಊನ ಶೇಕಡಾ ಎಷ್ಟು ಅನ್ನುವುದು ಇನ್ನೊಂದು. "ಎರಡೂ ಅಲ್ಲ" ಅಂತ ಬರೆದರೆ ಎಷ್ಟೇ ಕಷ್ಟ ಇದ್ದರೂ ಡಿಸೆಬಿಲಿಟಿ ಪೆನ್ಶನ್ ಇಲ್ಲ. ಶೇಕಡಾ 20ಕ್ಕಿಂತ ಕಡಿಮೆ ಬರೆದರೂ ಸಾಮಾನ್ಯವಾಗಿ ಅಷ್ಟೇ.

ಆದರೆ ಇದೇ ಫಾರಂನಲ್ಲಿ ಜವಾನ ಸ್ವತಃ ಹೇಳಿಕೆ ಕೊಟ್ಟು ಸಹಿ ಹಾಕುವ ಭಾಗವೂ ಇದೆ. ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು, ಯಾವುದು ಪೀಸ್ (ಶಾಂತಿಯ ಜಾಗ), ಯಾವುದು ಫೀಲ್ಡ್ (ಗಡಿಯಂಥ ಕಷ್ಟದ ಜಾಗ), ತೊಂದರೆ ಮೊದಲು ಎಲ್ಲಿ, ಯಾವಾಗ ಶುರುವಾಯಿತು, ಎಲ್ಲಾ ಅಲ್ಲಿ ಬರಬೇಕು. ಮನೆಗೆ ಹೋಗುವ ಆತುರದಲ್ಲಿ ಬಹಳ ಜನ ಅದನ್ನು ಸುಮ್ನೆ ತುಂಬಿಸಿಬಿಡುತ್ತಾರೆ. ಬಿಪಿ ಮೊದಲು ಪತ್ತೆಯಾದಾಗ ಆ ಮನುಷ್ಯ ಎತ್ತರದ ಪ್ರದೇಶದಲ್ಲಿ ಇದ್ದನೋ ಪೀಸ್ ಸ್ಟೇಷನ್‌ನಲ್ಲಿ ಇದ್ದನೋ ಅನ್ನುವುದರ ಮೇಲೆ ಎಷ್ಟೋ ಕೇಸುಗಳು ನಿಂತಿವೆ. ಗಾಯ ಆಗಿದ್ದರೆ ಆಗಲೇ ಬರೆಸಿದ ಇಂಜುರಿ ರಿಪೋರ್ಟ್ ಬೇಕು, ವಿಚಾರಣೆ ನಡೆದಿದ್ದರೆ ಅದರ ಪ್ರತಿಯೂ ಬೇಕು.

ನನ್ನ ಚಿಕ್ಕಪ್ಪ ಫಿರಂಗಿ ಹಾರಿಸುವ ರೆಜಿಮೆಂಟಿನಲ್ಲಿ ಇದ್ದವರು. ಈಗ ಅವರ ಹತ್ತಿರ ಮಾತಾಡಬೇಕೆಂದರೆ ಬಲಗಡೆ ಕೂತು ಜೋರಾಗಿ ಮಾತಾಡಬೇಕು. ಫೈರಿಂಗ್ ಆದ ದಿನ ರಾತ್ರಿಯೆಲ್ಲ ಕಿವಿ ಗುಂಯ್ ಅನ್ನುತ್ತಿತ್ತಂತೆ. ಆದರೆ ವರ್ಷಗಟ್ಟಲೆ ಒಂದು ಸಲವೂ ಸಿಕ್ ರಿಪೋರ್ಟ್ ಮಾಡಿಲ್ಲ, ಅಂದರೆ ಹುಷಾರಿಲ್ಲ ಅಂತ ಸೇನೆಯ ಡಾಕ್ಟರ ಹತ್ತಿರ ಹೋಗಿ ಬರೆಸಿಲ್ಲ. "ಕೆಟಗರಿ ಇಳಿದರೆ ಪ್ರಮೋಷನ್ ಹೋಗುತ್ತಿತ್ತು ಕಣಮ್ಮಾ, ಆಗ ಮಕ್ಕಳು ಸಣ್ಣವರು" ಅಂದರು. ಕೊನೆಗೆ ಪರೀಕ್ಷೆ ಆಗಿ ಕೆಟಗರಿ ಇಳಿದದ್ದು ಸರ್ವಿಸ್ ಮುಗಿಯುವ ಹೊತ್ತಿಗೆ. ಬೋರ್ಡ್ "ಎರಡೂ ಅಲ್ಲ" ಅಂತ ಬರೆಯಿತು. ಕಾರಣ ಅಂತ ಒಂದು ಸಾಲೂ ಇಲ್ಲ. ಮೊದಲ ಮೇಲ್ಮನವಿಯೂ ತಿರಸ್ಕಾರ ಆಯಿತು. ನನಗೆ ಇದರಲ್ಲಿ ಸಿಟ್ಟು ಬರುವುದು ಇಲ್ಲೇ. ನೋವು ನುಂಗಿಕೊಂಡು ಡ್ಯೂಟಿ ಮಾಡುವವನೇ ಒಳ್ಳೆಯ ಸೈನಿಕ ಅಂತ ಇಡೀ ಸರ್ವಿಸ್ ಕಲಿಸಿ, ಕೊನೆಯ ದಿನ "ನೀವು ನೋವು ಅಂತ ಹೇಳಿದ ದಾಖಲೆ ಎಲ್ಲಿ" ಅಂತ ಕೇಳಿದರೆ ಆ ಮನುಷ್ಯ ಏನು ತೋರಿಸಬೇಕು?

ಆದರೆ ಕಾನೂನು ಇಷ್ಟು ಕಲ್ಲಾಗಿಲ್ಲ. ಧರ್ಮವೀರ್ ಸಿಂಗ್ ಎಂಬ ಸಿಗ್ನಲ್ಸ್ (ಸೇನೆಯ ಸಂಪರ್ಕ ವಿಭಾಗ) ಸೈನಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪನ್ನು ಈ ದಾರಿಯಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಅವರು 1985ರಲ್ಲಿ ಸೇರಿದ್ದರು, ಮೂರ್ಛೆ ರೋಗ ಬಂದು 1994ರಲ್ಲಿ ಶೇಕಡಾ 20 ಅಂತ ಬರೆದು ಮನೆಗೆ ಕಳಿಸಿದ್ದರು. ರೋಗ ಸೇವೆಯಿಂದ ಬಂದಿದ್ದಲ್ಲ ಎಂದು ಪೆನ್ಶನ್ ಕೊಡಲಿಲ್ಲ. ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗ ಮೆಡಿಕಲ್ ಪರೀಕ್ಷೆ ಮಾಡಿದ್ದೀರಿ, ಆಗ ಈ ರೋಗ ಇದೆ ಅಂತ ಬರೆದಿಲ್ಲ, ಹಾಗಿದ್ದರೆ ಇದು ಸೇವೆಯಲ್ಲೇ ಬಂದಿದ್ದು ಅಂತ ಹಿಡಿಯಬೇಕು, ಅಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು, ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ. ಅದಕ್ಕೇ ನಾನು ಸೇರುವಾಗಿನ ಮೆಡಿಕಲ್ ಕಾಗದವನ್ನು ಮೊದಲು ಹುಡುಕಿ ಅನ್ನುವುದು. ಎಲ್ಲರೂ ಕೊನೆಯ ಕಾಗದದ ಹಿಂದೆ ಓಡುತ್ತಾರೆ. ಆದರೆ ಮೊದಲ ದಿನ "ಫಿಟ್" ಅಂತ ಬರೆದ ಕಾಗದಕ್ಕೂ ಅಷ್ಟೇ ಬೆಲೆ ಇದೆ.

ಒಂದು ಎಚ್ಚರ. 2023ರ ಸೆಪ್ಟೆಂಬರ್ 21ರಿಂದ ಡಿಸೆಬಿಲಿಟಿ ಪೆನ್ಶನ್‌ಗೆ ಹೊಸ ನಿಯಮಗಳು ಬಂದಿವೆ. ಆ ತೀರ್ಪು ಬಂದದ್ದು 1982ರ ನಿಯಮಗಳ ಮೇಲೆ. ಹಾಗಾಗಿ ಯಾವ ತಾರೀಕಿನಲ್ಲಿ ಸೇವೆ ಬಿಟ್ಟಿದ್ದು ಅನ್ನುವುದನ್ನು ನೋಡಿಕೊಂಡೇ ಅರ್ಜಿ ಬರೆಸಿ.

ಹೊರಗಿನ ಡಾಕ್ಟರ ಪತ್ರ ಉಪಯೋಗಕ್ಕೆ ಬರುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಅದು ಬೋರ್ಡಿನ ಜಾಗ ತುಂಬುವುದಿಲ್ಲ, ಆದರೆ ಮೇಲ್ಮನವಿಗೆ ಬಲ ಕೊಡುತ್ತದೆ. "ಇವರಿಗೆ ಕಿವಿ ಮಂದ" ಅಂತ ಬರೆದ ಪತ್ರದಿಂದ ಏನೂ ಆಗುವುದಿಲ್ಲ, ಅದು ಬೋರ್ಡಿಗೂ ಗೊತ್ತು. ಆಡಿಯೋಗ್ರಾಮ್‌ನಲ್ಲಿ (ಕಿವಿ ಪರೀಕ್ಷೆಯ ರಿಪೋರ್ಟ್) ಯಾವ ಶಬ್ದ ಎಷ್ಟು ಕೇಳಿಸುತ್ತಿಲ್ಲ, ಅದು ವಯಸ್ಸಿನಿಂದ ಬರುವ ಮಂದವೋ ದೊಡ್ಡ ಸದ್ದಿನಿಂದ ಆದ ಪೆಟ್ಟೋ, ಹಾಗೆ ಹೇಳುವುದಕ್ಕೆ ಕಾರಣ ಏನು, ಇದನ್ನು ಬರೆಯಬೇಕು. ಚಿಕ್ಕಪ್ಪನನ್ನು ನೋಡಿದ ಇಎನ್‌ಟಿ ಡಾಕ್ಟರಮ್ಮ ಅವರ ಕೆಲಸದ ವಿವರ ಪೂರ್ತಿ ಕೇಳಿ, ಹಳೆಯ ರಿಪೋರ್ಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಹಾಗೆ ಬರೆದುಕೊಟ್ಟರು. ಅದನ್ನು ಸೇರಿಸಿಯೇ ಎರಡನೇ ಮೇಲ್ಮನವಿ ಕಳಿಸಿದ್ದೇವೆ. ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

ಇಷ್ಟೆಲ್ಲ ಓಡಾಡಿ ಏನು ಸಿಗುತ್ತದೆ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಶೇಕಡಾ 100 ಊನಕ್ಕೆ ಕೊನೆಯ ಸಂಬಳದ ಶೇಕಡಾ 30. ಶೇಕಡಾ 20 ಅಂತ ಬರೆದಿದ್ದನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ನಿಯಮ ಇದೆ. ಅದು ಅರ್ಧದಲ್ಲೇ ಸೇವೆಯಿಂದ ಕಳಿಸಿದವರಿಗೆ ಮಾತ್ರ ಅಂತ ಸರ್ಕಾರ ಹೇಳುತ್ತಿತ್ತು. ಪೂರ್ತಿ ಸರ್ವಿಸ್ ಮುಗಿಸಿದವರಿಗೂ ಕೊಡಬೇಕು ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ 50,000 ರೂಪಾಯಿ ಸಂಬಳ ಇದ್ದವರಿಗೆ ತಿಂಗಳಿಗೆ 7,500, ಅದರ ಮೇಲೆ ಡಿಎ. ಹಳ್ಳಿಯ ಮನೆಯಲ್ಲಿ ಇದು ಸಣ್ಣ ದುಡ್ಡಲ್ಲ, ಅಲ್ವಾ?

ತಡ ಮಾತ್ರ ಮಾಡಬೇಡಿ. ತಿರಸ್ಕಾರದ ಪತ್ರ ಬಂದ ಮೇಲೆ ಮೇಲ್ಮನವಿಗೆ ಆರು ತಿಂಗಳು. ಹತ್ತು ವರ್ಷ ಬಿಟ್ಟು ಹೋದರೂ ಹಕ್ಕು ಸಾಯುವುದಿಲ್ಲ ನಿಜ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತದೆ. ಬೋರ್ಡ್ ಕಾಗದದ ಪ್ರತಿ ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಿ, ಸೇನಾ ನಂಬರ್, ಸೇರಿದ ಮತ್ತು ಬಿಟ್ಟ ತಾರೀಕು ಬರೆದು. ಅರ್ಜಿ ಬರೆಯಲು ಕಷ್ಟವಾದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಡಿಸ್ಚಾರ್ಜ್ ಬುಕ್, ಪಿಪಿಓ (ಪೆನ್ಶನ್ ಮಂಜೂರಾತಿ ಆದೇಶ) ತೆಗೆದುಕೊಂಡು ಹೋಗಿ ಕೇಳಿ.