ಜೈಲಿನ ಬಟ್ಟೆ ಹೊಲಿಸುವ ಮೊದಲು

ಮುಂಬೈಯಲ್ಲಿ ಸಿನಿಮಾ, ವೆಬ್ ಸೀರೀಸ್‌ಗಳ ಕಾಸ್ಟ್ಯೂಮ್ ವಿಭಾಗದಲ್ಲಿ ನನ್ನ ಕೆಲಸ. ಹಳೆಯ ಕಾಲದ ಜೈಲು ಕಥೆ ಬಂದರೆ ಹೊಸಬರು ಮೊದಲು ಬಣ್ಣ ಕೇಳುತ್ತಾರೆ. ಖಾಕಿನಾ, ಬಿಳಿನಾ? ಮಂಗಲದಾಸ್ ಮಾರ್ಕೆಟ್‌ಗೆ ಓಡೋಕೆ ರೆಡಿ. ಬಣ್ಣ ಆಮೇಲೆ ನೋಡೋಣ ಅನ್ನುತ್ತೇನೆ ನಾನು. ಯಾರಿಗೆ ಯಾವ ಬಟ್ಟೆ ಅಂತ ಆ ಜೈಲು ಹೇಗೆ ತೀರ್ಮಾನಿಸುತ್ತಿತ್ತು? ಮೊದಲು ಅದನ್ನು ಹುಡುಕಬೇಕು.

ಈ ಪಾಠಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2007ರ ‘ಗುಡ್‌ಬೈ ಬಫಾನಾ’. ಬಿಲ್ಲೆ ಆಗಸ್ಟ್ ನಿರ್ದೇಶನದ ಸಿನಿಮಾ. ನೆಲ್ಸನ್ ಮಂಡೇಲಾ ಮತ್ತು ಅವರ ಕಾವಲಿಗಿದ್ದ ಜೇಮ್ಸ್ ಗ್ರೆಗರಿಯ ಕಥೆ. ಸಿನಿಮಾ ನೋಡಿ ಅಷ್ಟಕ್ಕೇ ಬಿಡಬೇಡಿ, ಮಂಡೇಲಾ ಅವರ ಆತ್ಮಕಥೆಯನ್ನೂ ಓದಿ ಅಂತ ಹೇಳುತ್ತೇನೆ.

1964ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಯಾಗಿ ಏಳು ಜನ ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿಗೆ ಬಂದರು. ಎಲ್ಲರದ್ದೂ ಒಂದೇ ಕೇಸು. ಆದರೆ ಮಂಡೇಲಾ ಸೇರಿದಂತೆ ಕಪ್ಪು ಜನರಿಗೆ ಕೊಟ್ಟಿದ್ದು ಚಡ್ಡಿ. ಭಾರತೀಯ ಮೂಲದ ಅಹ್ಮದ್ ಕತ್ರಾಡಾ ಒಬ್ಬರಿಗೆ ಉದ್ದ ಪ್ಯಾಂಟು, ಕಾಲುಚೀಲ. ಊಟದಲ್ಲೂ ಇದೇ ಭೇದ. ಅವರ ಜೊತೆಗೇ ಶಿಕ್ಷೆಯಾದ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರು. ಅವರನ್ನು ದ್ವೀಪಕ್ಕೇ ಕಳಿಸಲಿಲ್ಲ, ಪ್ರಿಟೋರಿಯಾದಲ್ಲಿಟ್ಟರು.

ಇದನ್ನು ಹೇಳಿದಾಗ ವಿಜಯಪುರ ಕಡೆಯ ನಮ್ಮ ಟೈಲರ್ ಮಾಸ್ತರರು ಕೈಯಲ್ಲಿದ್ದ ಟೇಪು ಹಾಗೇ ಹಿಡಿದು ಕೇಳಿದ್ದರು: “ಅಕ್ಕಾರ, ದೊಡ್ಡ ಮನಷ್ಯಾಗ ಚಡ್ಡಿ ಹಾಕ್ಸಿ ನಿಂದ್ರಸೂದಂದ್ರ ಅವಮಾನ ಮಾಡಾಕ ಅಲ್ಲೇನ್ರಿ?” ಹೌದು, ಅದಕ್ಕೇ. ಅಲ್ಲಿ ಕಪ್ಪು ಗಂಡಸರನ್ನು ಎಷ್ಟೇ ವಯಸ್ಸಾದರೂ ‘ಬಾಯ್’ ಎಂದೇ ಕರೆಯುತ್ತಿದ್ದರು. ಆ ಚಡ್ಡಿಯೂ ಅದನ್ನೇ ಹೇಳುತ್ತಿತ್ತು. ಇದು ಗೊತ್ತಿಲ್ಲದೆ ಹೊಲಿದರೆ ಅದು ಸುಮ್ನೆ ಒಂದು ಖಾಕಿ ಚಡ್ಡಿ, ಅಲ್ವಾ?

ಕಾವಲುಗಾರನ ಯೂನಿಫಾರ್ಮ್ ಇನ್ನೂ ಕಷ್ಟ. ಸ್ಟಾರು, ಬಕಲ್ಲು ಫೋಟೋದಲ್ಲಿ ಸಿಗುತ್ತವೆ. ಸವೆತ ಎಲ್ಲಿ ಬರಬೇಕು ಅನ್ನೋದು ಸಿಗೋದಿಲ್ಲ. ಹೊಸ ಬಟ್ಟೆಯನ್ನು ಹಳೆಯದಾಗಿ ಕಾಣಿಸೋದಕ್ಕೆ ನಾವು ಏಜಿಂಗ್ ಅಂತೀವಿ. ಟೀ ನೀರಲ್ಲಿ ಅದ್ದುತ್ತೇವೆ, ಮರಳು ಕಾಗದದಲ್ಲಿ ಉಜ್ಜುತ್ತೇವೆ. ಆದರೆ ಎಲ್ಲಿ ಉಜ್ಜಬೇಕು? ಅವನು ದಿನವಿಡೀ ಎಲ್ಲಿರುತ್ತಿದ್ದ ಅಂತ ತಿಳಿಯದೆ ಕೈ ಇಡಬಾರದು. ಸುಣ್ಣದ ಕಲ್ಲಿನ ಕ್ವಾರಿಯಲ್ಲಿ ಕೈದಿಗಳನ್ನು ಕಾಯುವವನಾದರೆ ಬೂಟಿನ ಮೇಲೆ ಬಿಳಿ ಧೂಳು. ಗ್ರೆಗರಿಯ ಕೆಲಸ ಕೈದಿಗಳ ಪತ್ರಗಳನ್ನು ಸೆನ್ಸಾರ್ ಮಾಡುವುದು. ಮೊದಮೊದಲು ಮಂಡೇಲಾಗೆ ಆರು ತಿಂಗಳಿಗೆ ಒಂದೇ ಪತ್ರ, ಅದೂ 500 ಪದದೊಳಗೆ. ಇಂಥ ಪತ್ರಗಳನ್ನು ಕೂತು ಓದುವವನ ಅಂಗಿ ಮೊಣಕೈಯಲ್ಲಿ ಸವೆಯುತ್ತದೆ.

ಸಿನಿಮಾಕ್ಕೆ ಆಧಾರ ಗ್ರೆಗರಿಯದೇ ಪುಸ್ತಕ. ಅದರಲ್ಲಿ ಅವನು ಮಂಡೇಲಾಗೆ ಆಪ್ತ ಸ್ನೇಹಿತ. ಮಂಡೇಲಾ ಅವರ ಅಧಿಕೃತ ಜೀವನಚರಿತ್ರೆ ಬರೆದ ಆಂಥೊನಿ ಸ್ಯಾಂಪ್ಸನ್ ಇದನ್ನು ಒಪ್ಪಲಿಲ್ಲ. ಗ್ರೆಗರಿ ಮಾತಾಡಿದ್ದೇ ಅಪರೂಪ, ಪತ್ರಗಳಲ್ಲಿ ಓದಿದ್ದರಿಂದ ಗೆಳೆತನ ಕಟ್ಟಿಕೊಂಡ ಅಂದರು. ಮಂಡೇಲಾ ತಮ್ಮ ಆತ್ಮಕಥೆಯಲ್ಲಿ, 1990ರಲ್ಲಿ ಬಿಡುಗಡೆಯಾಗುವಾಗ ಗ್ರೆಗರಿಯನ್ನು ಅಪ್ಪಿಕೊಂಡೆ, ಆದರೆ ನಾವು ಯಾವತ್ತೂ ರಾಜಕೀಯ ಮಾತಾಡಿರಲಿಲ್ಲ ಅನ್ನುತ್ತಾರೆ. ನನಗೆ ಮಂಡೇಲಾ ಅವರ ಮಾತೇ ಜಾಸ್ತಿ ನಂಬಿಕೆಗೆ ಬರುತ್ತದೆ. ಕೀಲಿ ಕೈಯಲ್ಲಿದ್ದವನು ಗೆಳೆತನ ಅಂದಾಕ್ಷಣ ಒಪ್ಪಿಬಿಡುವುದು ಒಳಗಿದ್ದವರಿಗೆ ಮಾಡುವ ಅನ್ಯಾಯ. ಹಾಗಾಗಿ ಒಳಗಿದ್ದವರು ಬರೆದಿದ್ದನ್ನೂ ಓದಿಯೇ ನಾನು ಬಟ್ಟೆಯ ಪಟ್ಟಿ ಹಾಕುವುದು.

ಈಗ ಕೈಯಲ್ಲಿರುವುದು 1930ರ ದಶಕದ ಪುಣೆಯ ಯರವಡಾ ಜೈಲಿನ ಕಥೆ. ಆಗ ನಮ್ಮ ರಾಜಕೀಯ ಕೈದಿಗಳಿಗೂ ಎ, ಬಿ, ಸಿ ಅಂತ ದರ್ಜೆ ಇತ್ತು. ಓದು, ಅಂತಸ್ತು ನೋಡಿ ಹಂಚುತ್ತಿದ್ದರು. ಎ ದರ್ಜೆಯವರು ತಮ್ಮದೇ ಬಟ್ಟೆ ಹಾಕಬಹುದಿತ್ತು. ಸಿ ದರ್ಜೆಯವರಿಗೆ ಜೈಲಿನ ಒರಟು ಬಟ್ಟೆ. ಒಂದೇ ಸತ್ಯಾಗ್ರಹದಲ್ಲಿ ಸಿಕ್ಕಿಬಿದ್ದ ಇಬ್ಬರು ಒಳಗೆ ಬೇರೆ ಬೇರೆ ಬಟ್ಟೆಯಲ್ಲಿ! ಇನ್ನು ಕಾವಲಿಗೆ ಕನ್ವಿಕ್ಟ್ ವಾರ್ಡರ್‌ಗಳು. ಅಂದರೆ ಅವರೂ ಕೈದಿಗಳೇ, ದೀರ್ಘ ಶಿಕ್ಷೆಯವರು. ನಮ್ಮ ಚಿತ್ರಕಥೆಯ ವಾರ್ಡರ್ ಅಂಥವನೇ. ಅವನ ಬಟ್ಟೆ ಇನ್ನೂ ಕತ್ತರಿಸಿಲ್ಲ. ಅವನಿಗೆ ಎಷ್ಟು ವರ್ಷದ ಶಿಕ್ಷೆ, ಎಷ್ಟು ಮುಗಿದಿದೆ ಅಂತ ಬರಹಗಾರರನ್ನು ಕೇಳಿದ್ದೇವೆ.