ಅಳತೆಗೆ ಸಿಕ್ಕ ಕಾಂತತೆ ಯಾರದು?

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ವಿಎಸ್‌ಎಂ ನಡೆಸುವುದು ನನ್ನ ಕೆಲಸ. ಕಾಂತಕ್ಷೇತ್ರದ ನಡುವೆ ಸ್ಯಾಂಪಲ್ಲನ್ನು ಮೇಲೆ ಕೆಳಗೆ ಅಲುಗಾಡಿಸಿ, ಪಕ್ಕದ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್ ನೋಡಿ ಅದರ ಕಾಂತತೆ ಅಳೆಯುವ ಯಂತ್ರ ಅದು. ಬೇರೆ ಬೇರೆ ಊರಿನ ಕಾಲೇಜುಗಳಿಂದ ಪಿಎಚ್‌ಡಿ ಮಾಡುವವರು ನ್ಯಾನೋ ಪುಡಿ ತರುತ್ತಾರೆ. ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತತೆ ಹೇಗೆ ಬದಲಾಯಿತು ಎಂದು ತೋರಿಸುವ ಗೆರೆ, ಅಂದರೆ ಲೂಪ್, ಸ್ಕ್ರೀನಿನ ಮೇಲೆ ಮೂಡುತ್ತಿದ್ದ ಹಾಗೇ, ಪುಡಿ ಕಬ್ಬಿಣದ ಹಾಗೆ ಕಾಂತವಾಗಿದೆಯೇ ಎಂದು ಕೇಳುತ್ತಾರೆ: "ಮೇಡಂ, ಫೆರೋಮ್ಯಾಗ್ನೆಟಿಕ್ ಬಂತು ಅಲ್ವಾ?"

ಬಂದದ್ದು ನಿಜ. ಆದರೆ ಎಲ್ಲಿಂದ ಬಂತು? ನಾನು ಹೊಸಬರಿಗೆ ಮೊದಲು ಕಲಿಸುವುದು ಈ ಪ್ರಶ್ನೆಯನ್ನೇ.

ಒಂದು ಸಣ್ಣ ಲೆಕ್ಕ ಹಾಕೋಣ. ಕಬ್ಬಿಣದ ಕಾಂತತೆ ಗ್ರಾಂಗೆ ಸುಮಾರು 218 ಇಎಂಯು (ಕಾಂತತೆ ಅಳೆಯುವ ಮಾನ). ಹಾಗಾದರೆ 1 ಮೈಕ್ರೋಗ್ರಾಂ ಕಬ್ಬಿಣ ಕೊಡುವುದು ಸುಮಾರು 0.0002 ಇಎಂಯು. ಒಳ್ಳೆಯ ವಿಎಸ್‌ಎಂ ಇದರ ನೂರರಲ್ಲಿ ಒಂದು ಪಾಲನ್ನೂ ಗುರುತಿಸುತ್ತದೆ. 10 ಮಿಲಿಗ್ರಾಂ ಪುಡಿಯಲ್ಲಿ 1 ಮೈಕ್ರೋಗ್ರಾಂ ಕಬ್ಬಿಣ ಸೇರಿದ್ದರೆ, ನಿಮ್ಮ ಪುಡಿಗೇ ಗ್ರಾಂಗೆ 0.02 ಇಎಂಯು ಕಾಂತತೆ ಇದ್ದಂತೆ ಕಾಣುತ್ತದೆ. ಮ್ಯಾಗ್ನೆಟೈಟ್ ಎಂಬ ಕಾಂತ ಗುಣದ ಕಬ್ಬಿಣದ ಆಕ್ಸೈಡ್ ತಂದವರಿಗೆ ಇದರಿಂದ ತೊಂದರೆ ಇಲ್ಲ, ಅವರದು ಗ್ರಾಂಗೆ 60ರ ಆಸುಪಾಸು ಬರುತ್ತದೆ. ಝಿಂಕ್ ಆಕ್ಸೈಡ್, ಸೀರಿಯಂ ಆಕ್ಸೈಡ್ ತಂದವರ ಇಡೀ ಫಲಿತಾಂಶವೇ ಅಷ್ಟಿರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು.

1 ಮೈಕ್ರೋಗ್ರಾಂ ಕಬ್ಬಿಣ ಕಣ್ಣಿಗೆ ಕಾಣುವಂಥದ್ದಲ್ಲ. ಸ್ಟೀಲ್ ಸ್ಪ್ಯಾಚುಲಾದಲ್ಲಿ ಪುಡಿ ಕೆರೆದರೆ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಮ್ಯಾಗ್ನೆಟ್‌ಗೆ ಅಂಟುವುದಿಲ್ಲವಲ್ಲ ಎಂದು ಹಲವರು ವಾದಿಸುತ್ತಾರೆ. ಆದರೆ ಬಗ್ಗಿಸಿ, ತಿಕ್ಕಿ, ಸವೆದ ಜಾಗದಲ್ಲಿ ಅದೇ ಸ್ಟೀಲ್ ಕಾಂತ ಗುಣ ಪಡೆಯುತ್ತದೆ. 2004ರಲ್ಲಿ ಡಬ್ಲಿನ್‌ನ ವಿಜ್ಞಾನಿಗಳು ಹ್ಯಾಫ್ನಿಯಂ ಆಕ್ಸೈಡಿನ ತೆಳು ಪದರದಲ್ಲಿ ಕಾಂತತೆ ಕಂಡಿದ್ದಾಗಿ ಪ್ರಕಟಿಸಿದರು. ಎಲ್ಲ ಕಡೆ ಸುದ್ದಿಯಾಯಿತು. ಮರುವರ್ಷ ಐಬಿಎಂನ ತಂಡ ಶುದ್ಧ ಹ್ಯಾಫ್ನಿಯಂ ಆಕ್ಸೈಡ್ ಪದರಗಳನ್ನು ಅಳೆದಾಗ ಏನೂ ಸಿಗಲಿಲ್ಲ. ಅವನ್ನೇ ಸ್ಟೀಲ್ ಟ್ವೀಜರಿನಿಂದ ಹಿಡಿದ ಮೇಲೆ ಕಾಂತತೆ ಬಂತು! ಆ ಪೇಪರ್ ನನಗೆ ತುಂಬ ಇಷ್ಟ. ನಮ್ಮ ಲ್ಯಾಬ್‌ನ ಟೇಬಲ್ ಮೇಲೆ ಪ್ಲಾಸ್ಟಿಕ್ ಟ್ವೀಜರ್ ಮಾತ್ರ ಇರುವುದಕ್ಕೆ ಇಂಥ ಪೇಪರ್‌ಗಳೇ ಕಾರಣ.

ಹಾಗಂತ ಕಾಂತವಲ್ಲದ ಆಕ್ಸೈಡ್‌ಗಳಲ್ಲಿ ಕಂಡದ್ದೆಲ್ಲ ಕೊಳೆ ಎಂದು ತಳ್ಳಿಹಾಕುವುದೂ ತಪ್ಪು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಎ. ಸುಂದರೇಶನ್, ಸಿ.ಎನ್.ಆರ್. ರಾವ್ ಮತ್ತು ಜೊತೆಗಾರರು 2006ರಲ್ಲಿ 7ರಿಂದ 30 ನ್ಯಾನೋಮೀಟರ್ ಗಾತ್ರದ ಸೀರಿಯಂ, ಅಲ್ಯೂಮಿನಿಯಂ, ಝಿಂಕ್ ಮುಂತಾದ ಆಕ್ಸೈಡ್ ಕಣಗಳಲ್ಲಿ ಕೋಣೆಯ ತಾಪದಲ್ಲೇ ಕಾಂತತೆ ಇದೆ ಎಂದು ತೋರಿಸಿದರು. ಅದೇ ಪುಡಿಯನ್ನು ಜಾಸ್ತಿ ಬಿಸಿಯಲ್ಲಿ ಕಾಯಿಸಿ ಗಟ್ಟಿ ಮಾಡಿದಾಗ ಆ ಗುಣ ಹೋಯಿತು. ಕಣದ ಮೇಲ್ಮೈಯಲ್ಲಿ ಆಮ್ಲಜನಕ ಇಲ್ಲದ ಖಾಲಿ ಜಾಗಗಳೇ ಕಾರಣ ಇರಬೇಕು ಎಂದು ಅವರ ಊಹೆ. ಕಾಯಿಸಿ ನೋಡುವ ಆ ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅದೊಂದೇ ಸಾಲದು. ಕಬ್ಬಿಣದ ಚೂರನ್ನು ಗಾಳಿಯಲ್ಲಿ ಕಾಯಿಸಿದರೂ ಅದು ಹೆಮಟೈಟ್ ಎಂಬ ಆಕ್ಸೈಡ್ ಆಗಿ ಕಾಂತತೆ ಬಹುಪಾಲು ಕಳೆದುಕೊಳ್ಳುತ್ತದೆ. ಆದ್ದರಿಂದ ಕಬ್ಬಿಣ ಎಷ್ಟಿದೆ ಎಂಬ ರಾಸಾಯನಿಕ ಪರೀಕ್ಷೆಯೂ ಜೊತೆಗೆ ಬೇಕು.

ಇನ್ನೊಂದು ತಪ್ಪು ಯಂತ್ರದಿಂದಲೇ ಹುಟ್ಟುತ್ತದೆ. ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ಟನ್ನು ಕೆಲವು ಟೆಸ್ಲಾವರೆಗೆ ಏರಿಸಿ ಸೊನ್ನೆಗೆ ಇಳಿಸಿದಾಗ ಸ್ಕ್ರೀನಿನಲ್ಲಿ ಸೊನ್ನೆ ಎಂದೇ ಬರುತ್ತದೆ. ಆದರೆ ತಂತಿಯೊಳಗೆ ಸಿಕ್ಕಿಕೊಂಡ ಕ್ಷೇತ್ರದಿಂದಾಗಿ ಸ್ಯಾಂಪಲ್ ಇರುವಲ್ಲಿ 20-30 ಓರ್‌ಸ್ಟೆಡ್ (ಕಾಂತಕ್ಷೇತ್ರದ ಸಣ್ಣ ಮಾನ) ವ್ಯತ್ಯಾಸ ಉಳಿದಿರಬಹುದು. ಕಾಂತ ದಿಕ್ಕು ಬಿಸಿಯಿಂದ ತಾನಾಗಿಯೇ ತಿರುಗುತ್ತಿರುವ ಸಣ್ಣ ಕಣಗಳನ್ನು ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಎನ್ನುತ್ತೇವೆ. ಅವುಗಳಿಗೆ ಕೋಯರ್ಸಿವಿಟಿ, ಅಂದರೆ ಕಾಂತತೆಯನ್ನು ಸೊನ್ನೆಗೆ ತರಲು ಬೇಕಾಗುವ ಎದುರು ಕ್ಷೇತ್ರ, ಸೊನ್ನೆ ಇರಬೇಕು. ಈ ಉಳಿಕೆಯಿಂದ ಲೂಪ್ ಸ್ವಲ್ಪ ತೆರೆದುಕೊಳ್ಳುತ್ತದೆ, ಕೆಲವೊಮ್ಮೆ ಏರುವ ಗೆರೆ ಇಳಿಯುವ ಗೆರೆಗಳು ಅದಲು ಬದಲಾಗುತ್ತವೆ. ಅಂಥ ಲೂಪಿಗೆ ಹೊಸ ಭೌತಶಾಸ್ತ್ರದ ವಿವರಣೆ ಬರೆಯುವ ಮೊದಲು ಅದೇ ಕ್ರಮದಲ್ಲಿ ಪ್ಯಾಲೇಡಿಯಂ ತುಂಡು ಅಳೆಯಿರಿ. ಪ್ಯಾಲೇಡಿಯಂಗೆ ಹಿಸ್ಟರಿಸಿಸ್ ಇಲ್ಲ, ಅಂದರೆ ಅದರ ಏರುವ ಗೆರೆ ಇಳಿಯುವ ಗೆರೆ ಒಂದೇ. ಅದರ ಗೆರೆ ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟೂ ಯಂತ್ರದ್ದು.

"20 ನ್ಯಾನೋಮೀಟರ್ ಇದೆ, ಸೂಪರ್‌ಪ್ಯಾರಾಮ್ಯಾಗ್ನೆಟಿಕ್ಕಾ?" ಎಂದು ಕೇಳುವವರೂ ತುಂಬ. ಯಾವ ತಾಪದಲ್ಲಿ, ಎಷ್ಟು ಹೊತ್ತು ನೋಡಿದಾಗ ಎಂದು ನಾನು ತಿರುಗಿ ಕೇಳುತ್ತೇನೆ. ಕಣದ ಕಾಂತ ದಿಕ್ಕು ಬಿಸಿಯಿಂದ ತಾನಾಗಿಯೇ ತಿರುಗುತ್ತಿರುತ್ತದೆ ಎಂಬುದನ್ನು ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ 1949ರಲ್ಲೇ ವಿವರಿಸಿದ್ದರು. ವ್ಯಾಸ ಎರಡರಷ್ಟಾದರೆ ಘನಗಾತ್ರ ಎಂಟರಷ್ಟಾಗುತ್ತದೆ, ತಿರುಗಲು ದಾಟಬೇಕಾದ ತಡೆಯೂ ಎಂಟರಷ್ಟು. ತಿರುಗಲು ಬೇಕಾಗುವ ಸಮಯ ನ್ಯಾನೋಸೆಕೆಂಡಿನಿಂದ ವರ್ಷಗಳಿಗೆ ಜಿಗಿಯಬಹುದು. ನಮ್ಮ ಯಂತ್ರದಲ್ಲಿ ಒಂದು ಅಳತೆಗೆ ಸೆಕೆಂಡುಗಳಿಂದ ನಿಮಿಷದವರೆಗೆ ಹಿಡಿಯುತ್ತದೆ. ಗಾಮಾ ಕಿರಣ ಬಳಸುವ ಮಾಸ್‌ಬೌವರ್ ಅಳತೆ ನೋಡುವುದು ಸೆಕೆಂಡಿನ ಹತ್ತು ಕೋಟಿಯ ಒಂದು ಭಾಗದಷ್ಟು ಹೊತ್ತು. ಹಾಗಾಗಿ ಒಂದೇ ಪುಡಿ, ಒಂದೇ ತಾಪದಲ್ಲಿ, ಇಲ್ಲಿ ಕೋಯರ್ಸಿವಿಟಿ ಇಲ್ಲದೆ ಕಾಣುತ್ತದೆ, ಅಲ್ಲಿ ಸ್ಥಿರವಾಗಿ ಕಾಣುತ್ತದೆ. ಎರಡೂ ಸರಿ.

ತೂಕದ ಬಗ್ಗೆಯೂ ಒಂದು ಮಾತು. ಮ್ಯಾಗ್ನೆಟೈಟ್ ಗಟ್ಟಿ ತುಂಡಾಗಿದ್ದಾಗ ಗ್ರಾಂಗೆ ಸುಮಾರು 92 ಇಎಂಯು. ನ್ಯಾನೋ ಪುಡಿಯಲ್ಲಿ 60 ಬಂದರೆ ಮೇಲ್ಮೈಯ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಓರೆಯಾಗಿವೆ ಎಂದು ತಕ್ಷಣ ಬರೆದುಬಿಡುತ್ತಾರೆ. ಇರಬಹುದು. 10 ನ್ಯಾನೋಮೀಟರ್ ಕಣದ ಹೊರಗಿನ 1 ನ್ಯಾನೋಮೀಟರ್ ಪದರದಲ್ಲೇ ಅದರ ಅರ್ಧದಷ್ಟು ಭಾಗ ಇದೆ. ಆದರೆ ಕಣಗಳು ಅಂಟಿಕೊಳ್ಳದಿರಲು ಹಚ್ಚುವ ಒಲಿಯಿಕ್ ಆಸಿಡ್ ಲೇಪನವನ್ನೂ ಸೇರಿಸಿ ತೂಗಿದ್ದೀರಾ? ಗಾಳಿಗೆ ಒಡ್ಡಿ ಒಂದಷ್ಟು ಮ್ಯಾಗ್ಹೆಮೈಟ್ ಎಂಬ, ಕಾಂತತೆ ಕಡಿಮೆ ಇರುವ ಆಕ್ಸೈಡ್ ಆಗಿದೆಯಾ? ಟಿಜಿಎ (ಕಾಯಿಸುತ್ತಾ ತೂಕ ಎಷ್ಟು ಇಳಿಯಿತು ಎಂದು ನೋಡುವ ಪರೀಕ್ಷೆ) ಮಾಡಿಸಿ ಲೇಪನದ ತೂಕ ಕಳೆದರೆ 60 ಎಂಬುದು 70 ದಾಟುವುದೂ ಉಂಟು.

ಸ್ಯಾಂಪಲ್ ತರುವಾಗ, ಪುಡಿ ತುಂಬಿದ ಕ್ಯಾಪ್ಸೂಲ್ ಇದ್ದ ಅದೇ ಪ್ಯಾಕೆಟ್ಟಿನ ಖಾಲಿ ಕ್ಯಾಪ್ಸೂಲ್ ಒಂದನ್ನೂ ತನ್ನಿ, ಅದನ್ನೇ ಮೊದಲು ಅಳೆಯುತ್ತೇವೆ.