ಪ್ರೈಮರಿ ಕಾಂಟ್ಯಾಕ್ಟ್‌ಗೂ ಒಂದು ಕೋಡ್

2021ರ ಜನವರಿ. ಆಫೀಸು ಬೆಂಗಳೂರಿನದು, ನಾನು ಮೈಸೂರಿನ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಕೋಡ್ ಮಾಡುತ್ತಿದ್ದೆ, ಅಂದರೆ ರೋಗಿಗಳ ದಾಖಲೆ ಓದಿ ಅದರಲ್ಲಿರೋ ಕಾಯಿಲೆ, ಲಕ್ಷಣಗಳಿಗೆ ತಕ್ಕ ಕೋಡ್ ಹಾಕೋ ಕೆಲಸ. ಅಲ್ಲಿನ ಹೊಸ ಕೋಡ್‌ಗಳು ಮಾಮೂಲಿಯಾಗಿ ಬರೋದು ಅಕ್ಟೋಬರ್ 1ಕ್ಕೆ. ಆ ಸಲ ಕೋವಿಡ್ ಕಾಟಕ್ಕೆ ಜನವರಿ 1ರಂದೇ ಆರು ಕೋಡ್ ಬಂದವು. ನಮಗೆ ಜಾಸ್ತಿ ಬೇಕಾಗಿದ್ದದ್ದು ಝೆಡ್20.822. ಕೋವಿಡ್ ಇದ್ದವರ ಸಂಪರ್ಕಕ್ಕೆ ಬಂದವರಿಗೆ ಅದು. ಅಲ್ಲಿಯವರೆಗೆ ಅವರನ್ನೆಲ್ಲ ಬೇರೆ ವೈರಸ್‌ಗಳ ಜೊತೆ ಝೆಡ್20.828ಕ್ಕೇ ತಳ್ಳುತ್ತಿದ್ದೆವು.

ಒಂದು ಮಧ್ಯಾಹ್ನ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ಫೋನ್ ಮಾಡಿದಳು.

"ಅಕ್ಕಾ, ಒಂದು ಡೌಟು. ಪೇಶೆಂಟ್‌ಗೆ ಜ್ವರ, ಕೆಮ್ಮು. ಮನೇಲಿ ಅಪ್ಪನಿಗೆ ಪಾಸಿಟಿವ್. ಡಾಕ್ಟರು 'ಪ್ರಾಬಬಲ್ ಕೋವಿಡ್' ಅಂತ ಬರೆದಿದ್ದಾರೆ. ಕೋವಿಡ್ ಇದೆ ಅನ್ನೋ ಕೋಡು, ಯು07.1 ಹಾಕಿಬಿಡ್ಲಾ?"

"ರಿಸಲ್ಟ್ ಬಂದಿದ್ಯಾ?"

"ಪೆಂಡಿಂಗ್."

"ಹಾಗಾದ್ರೆ ಬೇಡ. ಜ್ವರಕ್ಕೆ ಆರ್50.9, ಕೆಮ್ಮಿಗೆ ಆರ್05, ಜೊತೆಗೆ ಝೆಡ್20.822."

ಅವಳು ಬಿಡಲಿಲ್ಲ. "ಅಡ್ಮಿಟ್ ಆದವರಿಗೆ ಪ್ರಾಬಬಲ್ ಅಂದ್ರೂ ಕಾಯಿಲೆ ಇದೆ ಅಂತಲೇ ಹಾಕ್ತೀವಲ್ವಾ?"

ಕೇಳಿದ್ದು ಸರಿಯಾಗಿತ್ತು. ನ್ಯುಮೋನಿಯಾ ಆಗಿದ್ದರೆ ಹಾಗೇ ಹಾಕುತ್ತಿದ್ದೆವು. ಕೋವಿಡ್ ಆದರೆ ಅಡ್ಮಿಟ್ ಆದವರಿಗೂ ಆ ರಿಯಾಯಿತಿ ಇಲ್ಲ. ಖಚಿತವಾಗಿರಲೇಬೇಕು. ಡಾಕ್ಟರ ಅನುಮಾನ ಎಷ್ಟೇ ಬಲವಾಗಿದ್ದರೂ ಅನುಮಾನ ಅನುಮಾನವೇ.

ಈ ನಿಯಮ ನನಗೆ ಬಹಳ ಹಿಡಿಸಿತ್ತು. ಅದಕ್ಕೆ ಕಾರಣ ನಮ್ಮ ಬೀದಿ. ಹಿಂದಿನ ವರ್ಷ ಎದುರು ಮನೆಯ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿ ಹೋಗಿದ್ದರು. ಆ ಮನೆಯಲ್ಲಿ ಯಾರಿಗೂ ನೆಗಡಿಯೂ ಇರಲಿಲ್ಲ, ಬರೀ ಪ್ರೈಮರಿ ಕಾಂಟ್ಯಾಕ್ಟು. ಆದರೂ ಸಂಜೆಯೊಳಗೆ ಅದು 'ಕೊರೊನಾ ಮನೆ' ಆಗಿತ್ತು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಹೊರಗೇ ಎಸೆದು ಹೋಗುತ್ತಿದ್ದ. ಚೀಟಿ ಕಿತ್ತ ಮೇಲೂ ಹೆಸರು ಹೋಗಲಿಲ್ಲ. ನಮ್ಮವರಿಗೆ 828 ಬೇರೆ, ಯು07.1 ಬೇರೆ ಅಂತ ಹೇಳೋರು ಯಾರು?

ಚಾರ್ಟಿನಲ್ಲೂ ಅಷ್ಟೆ. ರೋಗ ಇಲ್ಲದವರ ದಾಖಲೆಗೆ ಒಮ್ಮೆ ಯು07.1 ಹತ್ತಿದರೆ ಇನ್ಶೂರೆನ್ಸಿನವರ ಲೆಕ್ಕದಲ್ಲೂ ಕಾಯಿಲೆ ಬಂದಂತೆಯೇ.

ಸಂಜೆ ಮತ್ತೆ ಫೋನು. "ಅಕ್ಕಾ, ಅದೇ ತರಹದ್ದು ಇನ್ನೊಂದು, ಅಕ್ಕ-ತಮ್ಮ. ಇಬ್ಬರಿಗೂ ಏನೂ ತೊಂದರೆ ಇಲ್ಲ, ಟೆಸ್ಟಿಗೆ ಬಂದಿದ್ದಾರೆ. ಅಕ್ಕ ಬಂದಿರೋದು ಡಿಸೆಂಬರ್ 31ಕ್ಕೆ, ತಮ್ಮ ಜನವರಿ 2ಕ್ಕೆ."

"ಬಂದ ತಾರೀಖು ನೋಡು. ಅಕ್ಕನಿಗೆ 828, ತಮ್ಮನಿಗೆ 822."

"ಮನೆ ಒಂದೇ, ಇಬ್ಬರಿಗೂ ಕಾಂಟ್ಯಾಕ್ಟ್ ಆಗಿರೋದು ಅವರಮ್ಮನಿಂದಲೇ!"

"ಆದರೇನು, ಆಡಿಟ್‌ನವರು ನೋಡೋದು ತಾರೀಖು" ಅಂದೆ. ಜೋರಾಗಿ ನಕ್ಕು, ಮುಂದಿನ ಚಾರ್ಟ್ ತೆಗೆದಳು.